ಬೋಗಸ್ ಶಬ್ದದ ಎದುರಿನ ಖಾಲಿ ಜಾಗ

ನನಗೆ ಬರುವ ಇಂಗ್ಲಿಷ್ ಎಲ್ಲ ಒಂದೇ ಜಾತಿಯದು. ಫೇಕ್, ಬೋಗಸ್, ಶ್ಯಾಮ್, ಡಮ್ಮಿ, ಸ್ಯೂಡೋ, ಸ್ಪ್ಯೂರಿಯಸ್, ಇಮಿಟೇಶನ್, ಕೌಂಟರ್‌ಫೀಟ್. ನಮ್ಮ ಕಡೆ ಇಷ್ಟಕ್ಕೂ ಸೇರಿ ಖೊಟ್ಟಿ ಎಂಬ ಒಂದೇ ಶಬ್ದ ಸಾಕು, ತೀರಾ ಗೌರವ ಕೊಡಬೇಕೆಂದರೆ ಡುಪ್ಲಿಕೇಟ್. ಆದರೆ ಇಂಗ್ಲಿಷಿನವರು ಒಂದೊಂದು ಥರದ ಸುಳ್ಳಿಗೂ ಒಂದೊಂದು ಹೆಸರಿಟ್ಟು ಕೂತಿದ್ದಾರೆ. ಅವನ್ನೆಲ್ಲ ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ‘ಪ್ರಾಮಾಣಿಕ’ ಎನ್ನುವುದಕ್ಕೆ ಏನನ್ನುತ್ತಾರೆ ಎಂದು ಕೇಳಿದರೆ ಮಾತ್ರ ನೀರು ಕುಡಿಯುವ ನೆವದಲ್ಲಿ ಎದ್ದು ಹೋಗುತ್ತೇನೆ.

ಈ ಪಾಂಡಿತ್ಯ ಬಂದದ್ದು ಜಮಖಂಡಿಯ ವಾಚನಾಲಯದಲ್ಲಿ. ನಮ್ಮದು ಪಗಾರದವರ ಮನೆ. ಅಜ್ಜ ಗುಮಾಸ್ತರು, ಅಪ್ಪ ಗುಮಾಸ್ತರು, ಕಾಕಾ ಅವರಿಗಿಂತ ಒಂದು ಮೆಟ್ಟಿಲು ಮೇಲಿನ ಗುಮಾಸ್ತರು. ನಾನು ಹುಟ್ಟಿದಾಗಲೇ ಎಲ್ಲೋ ಒಂದು ಕಚೇರಿಯಲ್ಲಿ ಒಂದು ಕುರ್ಚಿ ನನಗಾಗಿ ಕಾಯುತ್ತಿದೆ ಎಂದು ಮನೆಯವರೆಲ್ಲ ನಂಬಿದ್ದರು. ಪಾಪ, ಆ ಕುರ್ಚಿ ಇನ್ನೂ ಕಾಯುತ್ತಿದೆ. ಪದವಿ ಮುಗಿಸಿ ಮೂರು ವರ್ಷ ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿದೆ. ಓದಿದೆ ಅನ್ನುವುದಕ್ಕಿಂತ, ಓದುವವರ ನಡುವೆ ಕೂತೆ. ಮನೆಯಲ್ಲಿ ಕುಳಿತುಕೊಂಡು ಬರೆದ ಮಾಕ್ ಟೆಸ್ಟುಗಳಲ್ಲಿ ನನಗಿಂತ ಮುಂದೆ ಯಾರೂ ಇರಲಿಲ್ಲ. ಖರೇ ಪರೀಕ್ಷೆಯಲ್ಲಿ ನನಗಿಂತ ಹಿಂದೆ ಯಾರೂ ಇರಲಿಲ್ಲ.

ಅವಳು ಬಂದದ್ದು ಎರಡನೆಯ ವರ್ಷ. ಬನಹಟ್ಟಿಯಿಂದ ದಿನಾಲೂ ಬಸ್ಸಿನಲ್ಲಿ ಬರುತ್ತಿದ್ದಳು. ನೇಕಾರರ ಮನೆಯ ಹುಡುಗಿ. ಮನೆಯಲ್ಲೇ ಎರಡು ಪವರ್‌ಲೂಮ್ ಮಗ್ಗ. ನನ್ನ ಎದುರಿನ ಕುರ್ಚಿ ಖಾಲಿ ಇತ್ತು, ಅಲ್ಲಿ ಕೂತಳು. ನಾನು ಆಗ ನನ್ನ ವಿಶೇಷ ವಿದ್ಯೆಯಲ್ಲಿ ಮಗ್ನನಾಗಿದ್ದೆ. ಬೆರಳನ್ನು ಪುಸ್ತಕದ ಸಾಲಿನ ಮೇಲಿಟ್ಟು, ತಲೆಯನ್ನು ಇನ್ನೊಂದು ಕೈಗೆ ಕೊಟ್ಟು, ಬೆನ್ನು ನೆಟ್ಟಗಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ. ದೂರದಿಂದ ನೋಡಿದವರಿಗೆ ನಾನು ಈ ವರ್ಷ ರಾಜ್ಯಕ್ಕೇ ಮೊದಲು ಬರುವವನಂತೆ ಕಾಣುತ್ತಿದ್ದೆ. ಮೇಜಿನ ಮೇಲೆ ಯಾರೋ ಪೆನ್ನಿನಿಂದ ಟಕ್ ಟಕ್ ಅನ್ನಿಸಿದರು. ಕಣ್ಣು ಬಿಟ್ಟೆ.

“ನಿಮ್ಮ ಬಟ್ಟು ಅರ್ಧಾ ತಾಸಿನಿಂದ ಒಂದ ಸಾಲಿನ ಮ್ಯಾಲ ಐತ್ರಿ,” ಅಂದಳು. “ಅಷ್ಟ ಕಠಿಣ ಐತೇನ್ರಿ ಆ ಸಾಲು?”

ನಾಚಿಕೆ ಇರುವವನು ಎದ್ದು ಹೋಗುತ್ತಿದ್ದ. ನಾನು ಗಂಟಲು ಸರಿ ಮಾಡಿಕೊಂಡು, “ಇದಕ್ಕ ಇಂಗ್ಲಿಷಿನ್ಯಾಗ ಶ್ಯಾಮ್ ಅಂತಾರ್ರಿ. ಮಾಡಲಾರದ್ದನ್ನ ಮಾಡಿದಂಗ ತೋರಿಸೂದು. ಪರೀಕ್ಷಾದಾಗ ಬರತೈತಿ, ಬರಕೋರಿ,” ಅಂದೆ.

ಅವಳು ನಿಜಕ್ಕೂ ಬರೆದುಕೊಂಡಳು! ತನ್ನ ವಹಿ ತೆಗೆದು, ಆ ನೋಟುಬುಕ್ಕಿನ ಒಂದು ಹಾಳೆಯ ಎಡಕ್ಕೆ ‘ಶ್ಯಾಮ್’ ಎಂದು ಬರೆದು, ನಡುವೆ ಗೆರೆ ಎಳೆದು, ಬಲಕ್ಕೆ ‘ಎದುರಿಗೆ ಕೂತವರ ಅಭ್ಯಾಸ’ ಎಂದು ಬರೆದು ನನ್ನ ಕಡೆಗೆ ತಿರುಗಿಸಿದಳು. ಆಟ ಶುರುವಾದದ್ದು ಹೀಗೆ.

ಆಟದ ಕಾನೂನು ಅವಳದೇ. ದಿನಕ್ಕೆ ಒಬ್ಬರು ಒಂದು ಶಬ್ದ ತರಬೇಕು, ಖೊಟ್ಟಿ ಎಂಬರ್ಥದ್ದೇ ಆಗಬೇಕು, ಉದಾಹರಣೆ ಸಮೇತ ಆ ವಹಿಯಲ್ಲಿ ಬರೆಯಬೇಕು. ಉದಾಹರಣೆ ಮಾತ್ರ ಗೈಡಿನಿಂದ ಎತ್ತಬಾರದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇಷ್ಟರೊಳಗೆ ಕಣ್ಣಾರೆ ಕಂಡದ್ದಾಗಿರಬೇಕು. ಸುಳ್ಳಿನ ಶಬ್ದಕ್ಕೆ ಸುಳ್ಳು ಉದಾಹರಣೆ ಕೊಟ್ಟವರು ಒಂದು ಪ್ಲೇಟ್ ಗಿರ್ಮಿಟ್, ಅಂದರೆ ಮಸಾಲೆ ಕಲಸಿದ ಚುರುಮುರಿ, ಕೊಡಿಸಬೇಕು. ಆ ವರ್ಷ ವಾಚನಾಲಯದ ಎದುರಿನ ಗಿರ್ಮಿಟ್ ಅಂಗಡಿಯವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ.

ನನ್ನ ಉದಾಹರಣೆಗಳೆಲ್ಲ ನನ್ನ ಪರಾಕ್ರಮಗಳೇ. ಆರ್ಟಿಫಿಶಿಯಲ್: ಚಿಮ್ಮಡದ ನಮ್ಮ ಸೋದರತ್ತೆಯ ಹಲ್ಲಿನ ಸೆಟ್ಟು, ಅದನ್ನು ನೀರಿನ ಲೋಟದಲ್ಲಿ ಇಟ್ಟಿದ್ದರು, ಬಿಸಿಲಿನಿಂದ ಬಂದ ನಾನು ನೋಡದೆ ಆ ನೀರು ಕುಡಿದೆ, ತುಟಿಗೆ ಹಲ್ಲು ಬಡಿಯಿತು, ನನ್ನದಲ್ಲದ ಹಲ್ಲು. ಡಮ್ಮಿ: ಬಟ್ಟೆಯಂಗಡಿಯ ಬಾಗಿಲಲ್ಲಿ ಸೀರೆ ಉಟ್ಟು ನಿಂತ ಗೊಂಬೆ, ಅದಕ್ಕೆ ನಾನು ಮೂರು ಸಲ “ಸ್ವಲ್ಪ ಸರೀರಿ ಅಕ್ಕಾರ” ಎಂದು ಹೇಳಿ, ಸರಿಯದಿದ್ದಾಗ ಸಿಟ್ಟಿಗೆದ್ದು, “ಜಗಾ ನಿಮ್ಮಪ್ಪಂದೇನ್ರಿ?” ಎಂದು ಜಗಳಕ್ಕೆ ನಿಂತಿದ್ದೆ. ಬೋಗಸ್ ಎಂಬ ಶಬ್ದವನ್ನು ಮಾತ್ರ ನಾವು ಎತ್ತಿಟ್ಟಿದ್ದೆವು. ತೀರಾ ಭಾರಿ ಸುಳ್ಳು ಸಿಕ್ಕ ದಿನ ಬರೆಯೋಣ ಎಂದು ಅವಳು ಹೇಳಿದ್ದಳು.

ಒಮ್ಮೆ ಭಾರಿ ಸುಳ್ಳಿನ ಹತ್ತಿರಕ್ಕೆ ಹೋಗಿದ್ದೆ. ಚಿಕ್ಕಪಡಸಲಗಿಯ ಬ್ಯಾರೇಜು ರೈತರೇ ಕಟ್ಟಿದ್ದು ಎಂಬ ಮಾತು ಬಂದಾಗ, “ಅದಕ್ಕ ನಾನೂ ಕಲ್ಲ ಹೊತ್ತೇನ್ರಿ,” ಅಂದುಬಿಟ್ಟೆ.

ಅವಳು ಪೆನ್ನು ಕೆಳಗಿಟ್ಟಳು. “ಆವಾಗ ನೀವು ಹುಟ್ಟಿದ್ರೇನ್ರಿ ಸಾಹೇಬ್ರ?”

“ನಮ್ಮಪ್ಪ ಹೊತ್ತಾರ್ರಿ. ನಮ್ಮಪ್ಪ ಹೊತ್ತ್ರ ನಾ ಹೊತ್ತಂಗ ಅಲ್ಲೇನ್ರಿ?”

“ಗುಮಾಸ್ತರು ಕಲ್ಲ ಹೊತ್ರು?”

“ನೋಡಾಕ ಹೋಗಿದ್ರು,” ಅಂದೆ. ಎರಡು ಪ್ಲೇಟ್ ಗಿರ್ಮಿಟ್.

ಅವಳು ನನ್ನನ್ನು ಸಾಹೇಬ್ರ ಎನ್ನುತ್ತಿದ್ದಳು, ನಾನು ಅವಳನ್ನು ಮೇಡಮ್ಮರ ಎನ್ನುತ್ತಿದ್ದೆ. ನೌಕರಿ ಇಬ್ಬರಿಗೂ ಇರಲಿಲ್ಲ.

ಅವಳ ಉದಾಹರಣೆಗಳು ಬೇರೆ ಥರ. ನಗಿಸುತ್ತಿರಲಿಲ್ಲ, ಆದರೆ ಮರೆತುಹೋಗುತ್ತಿರಲಿಲ್ಲ. ಇಮಿಟೇಶನ್ ಎಂಬ ಶಬ್ದಕ್ಕೆ ಅವಳು ಒಂದು ಜರಿಯ ಎಳೆ ತಂದು, ಮೇಜಿಗೆ ಉಜ್ಜಿ, ಮೇಲಿನ ಬಂಗಾರದ ಬಣ್ಣ ಹೋಗಿ ಒಳಗಿನ ಪ್ಲಾಸ್ಟಿಕ್ ಕಾಣುವಂತೆ ಮಾಡಿ ತೋರಿಸಿದ್ದಳು. ಎಳೆ ಸುಟ್ಟು ನೋಡುವುದನ್ನೂ ಅವಳೇ ಕಲಿಸಿದಳು. ಖರೇ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಹತ್ತಿ ಸುಟ್ಟರೆ ಕಾಗದದ ವಾಸನೆ, ಪಾಲಿಯೆಸ್ಟರ್ ಆದರೆ ಕರಗಿ ಗುಂಡಗಾಗಿ ಮಣಿಯಾಗುತ್ತದೆ. ಮತ್ತೊಂದು ದಿನ ಕೈಮಗ್ಗದ ಸೀರೆಯ ಗುರುತು ಹೇಳಿದಳು. ಅವಳ ಅಜ್ಜ ಕೈಮಗ್ಗದಲ್ಲಿ ನೇಯುವಾಗ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಿದ್ದರಂತೆ. ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಎಳೆ ಕೊಡಬೇಕು, ಇನ್ನೊಬ್ಬರು ಕೊಂಡಿ ಹಾಕಬೇಕು. ಅಜ್ಜಿ ಎಳೆ ಕೊಡುತ್ತಿದ್ದಳಂತೆ. “ಮುತ್ಯಾ ಹ್ವಾದ ಮ್ಯಾಲ ಕೈಮಗ್ಗ ತಗದ ಮಷಿನ್ ಕೂಡ್ರಿಸಿದ್ರು. ಕೊಂಡಿ ಹಾಕೋರು ಇಲ್ಲ, ಎಳಿ ಕೊಡೋರೂ ಇಲ್ಲ,” ಎಂದು ಹೇಳಿ, ಸ್ವಲ್ಪ ಹೊತ್ತು ಕಿಟಕಿ ನೋಡಿದಳು. ನನಗೆ ಎಂದೂ ಬಾರದ ಬುದ್ಧಿ ಆ ಹೊತ್ತು ಬಂತು. ಸುಮ್ಮನಿದ್ದೆ.

ಅವಳ ಕೂದಲಲ್ಲಿ ದಿನಾ ಹತ್ತಿಯ ಒಂದು ಚೂರು ಇರುತ್ತಿತ್ತು. ಬೆಳಿಗ್ಗೆ ಓದಲು ಬರುವ ಮುಂಚೆ ಮನೆಯಲ್ಲಿ ಅಪ್ಪನಿಗೆ ಕಂಡಿಕೆ ಸುತ್ತಿಕೊಟ್ಟು ಬರುತ್ತಿದ್ದಳು. ಕಂಡಿಕೆ ಅಂದರೆ ಮಗ್ಗದ ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಉರುಳೆ. ಅಲ್ಲಿ ಗಾಳಿಯಲ್ಲಿ ಹಾರುವ ಹತ್ತಿಯ ಧೂಳು ಕಿವಿಯ ಮೇಲಿನ ಕೂದಲಲ್ಲಿ ಬಂದು ಕೂರುತ್ತಿತ್ತು. ಹೇಳಿದರೆ ತೆಗೆದುಬಿಡುತ್ತಾಳೆ ಎಂದು ನಾನು ಒಂದೂವರೆ ವರ್ಷ ಹೇಳಲೇ ಇಲ್ಲ. ಬಸ್ಸಿನ ಗಾಳಿಗೆ ಅದು ಹಾರಿಹೋದ ದಿನ ನನಗೆ ಓದು ಹತ್ತುತ್ತಿರಲಿಲ್ಲ. ಬೇರೆ ದಿನ ಹತ್ತುತ್ತಿತ್ತು ಎಂದೇನಲ್ಲ.

ಹೇಳಬೇಕಾದ ಮಾತು ನನ್ನ ಬಾಯಲ್ಲೇ ಇತ್ತು. ಆದರೆ ನನ್ನ ಬಾಯಿಗೆ ಒಂದು ರೋಗವಿದೆ. ಒಳಗಿನಿಂದ ಖರೇ ಮಾತು ಹೊರಟರೂ ಹಲ್ಲಿನ ಹತ್ತಿರ ಬರುವಷ್ಟರಲ್ಲಿ ಚ್ಯಾಷ್ಟಿಯಾಗಿ, ಬರೀ ತಮಾಷೆಯಾಗಿ ಹೊರಬೀಳುತ್ತದೆ. ಗಲಗಲಿಯಲ್ಲಿ ಗೆಳೆಯರು ಈಜಲು ಕೃಷ್ಣೆಗೆ ತಳ್ಳಿದಾಗ, ಈಜು ಬಾರದ ನಾನು ಮುಳುಗುತ್ತ “ಸಾಯಾಕತ್ತೇನ್ರಲೇ” ಎಂದು ಕೂಗಿದರೆ ದಂಡೆಯಲ್ಲಿದ್ದವರು ಚಪ್ಪಾಳೆ ತಟ್ಟಿದ್ದರು. ಕೊನೆಗೆ ನನ್ನನ್ನು ನಂಬಿದ್ದು ಒಂದು ಎಮ್ಮೆ. ಅದರ ಬಾಲ ಹಿಡಿದು ದಂಡೆಗೆ ಬಂದೆ.

ಅಷ್ಟರಲ್ಲಿ ಅವಳಿಗೆ ನೌಕರಿ ಆಯಿತು. ಬೀಳಗಿಯ ಒಂದು ಕಚೇರಿಗೆ ಆದೇಶ ಬಂತು. ಅದೇ ಪರೀಕ್ಷೆ ನಾನೂ ಬರೆದಿದ್ದೆ, ಅದರ ಮಾತು ಬೇಡ. ಬೀಳಗಿ ಏನು ಸಪ್ತಸಾಗರದ ಆಚೆಗಿಲ್ಲ. ಆದರೆ ಎದುರಿನ ಕುರ್ಚಿಯಿಂದ ಬೀಳಗಿಗೆ ಎಷ್ಟು ದೂರ ಎನ್ನುವುದು ಕುರ್ಚಿ ಖಾಲಿಯಾಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಕೊನೆಯ ದಿನ ಅವಳಿಗೆ ಏನಾದರೂ ಕೊಡಬೇಕು, ಕೊಡುವಾಗ ಆ ಮಾತನ್ನು ಹೇಳಿಯೇಬಿಡಬೇಕು ಎಂದು ನಿಶ್ಚಯಿಸಿದೆ. ಏನು ಕೊಡಲಿ? ನನ್ನ ತಲೆ ಮೂರು ದಿನ ಓಡಿತು. ಓಡಿ ಓಡಿ, ನೇಕಾರರ ಮನೆಯ ಹುಡುಗಿಗೆ ಸೀರೆ ಕೊಡುವುದು ಎಂಬ ತೀರ್ಮಾನಕ್ಕೆ ಬಂದು ನಿಂತಿತು. ಮೀನಿಗೆ ಒಂದು ಕೊಡ ನೀರು ಕೊಟ್ಟ ಹಾಗೆ. ಆದರೆ ಅಜ್ಜನ ಕೈಮಗ್ಗದ ಮಾತು ಹೇಳಿ ಕಿಟಕಿ ನೋಡಿದ್ದಳಲ್ಲ, ಅದು ನನ್ನ ತಲೆಯಲ್ಲಿ ಕೂತಿತ್ತು. ಖರೇ ಕೈಮಗ್ಗದ ಸೀರೆಯೇ ಆಗಬೇಕು.

ಪೇಟೆಯ ಒಂದು ಅಂಗಡಿಯಲ್ಲಿ ಕೆಂಪು ದಡಿಯ, ಅಂದರೆ ಕೆಂಪು ಅಂಚಿನ, ಹಸಿರು ಸೀರೆ ತೆಗೆದು ಮುಂದಿಟ್ಟರು. ಮೇಲೆ ‘ಹ್ಯಾಂಡ್‌ಲೂಮ್’ ಎಂಬ ಬಂಗಾರದ ಬಣ್ಣದ ಚೀಟಿ.

“ಖರೇ ಕೈಮಗ್ಗದ್ದೇನ್ರಿ?” ಅಂದೆ.

“ಕೈಲೇನ ನೇಯ್ದದ್ರಿ. ನೋಡ್ರಿ, ಚೀಟಿ ಹಚ್ಚೇತಿ,” ಅಂದ ಅಂಗಡಿಯವನು.

ನಾನೇನು ಚೀಟಿ ನಂಬುವ ಕುಳವೇ? ಗುರುಗಳಿಂದ ಕಲಿತವನು. “ಒಂದ ಎಳಿ ತಗೀರಿ, ಸುಟ್ಟ ನೋಡತೀನಿ,” ಅಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಂಚಿನಿಂದ ಒಂದೆಳೆ ಕಿತ್ತು ಕೊಟ್ಟ. ಕಡ್ಡಿ ಗೀರಿದೆ. ಎಳೆ ಸುಟ್ಟಿತು, ಕಾಗದದ ವಾಸನೆ ಬಂತು, ಜೊತೆಗೆ ಇನ್ನೂ ಏನೋ ವಾಸನೆ ಬಂತು. ಅದು ನನ್ನ ಅಂಗಿಯ ತೋಳು. ಅಂಗಡಿಯವರೆಲ್ಲ ಸೇರಿ ನನ್ನನ್ನು ಆರಿಸಿದರು. ಅಂಗಿ ಕರಗಿ ಮಣಿಯಾಗಿತ್ತು, ಅಂದರೆ ಅದು ಪಾಲಿಯೆಸ್ಟರ್ ಎಂಬುದೂ ಸಾಬೀತಾಯಿತು. ಸೀರೆ ಮಾತ್ರ ಪಾಸಾಗಿತ್ತು. ನನ್ನ ಜೀವನದಲ್ಲಿ ನಾನು ತೆಗೆದುಕೊಂಡ ಪರೀಕ್ಷೆಯಲ್ಲಿ ಒಬ್ಬರು ಪಾಸಾದದ್ದು ಅದೇ ಮೊದಲು. ಆ ಹುರುಪಿನಲ್ಲಿ ಸೆರಗು ಬಿಚ್ಚಿ ಕೊಂಡಿ ಇದೆಯೋ ಇಲ್ಲವೋ ನೋಡುವುದನ್ನೇ ಮರೆತೆ. ಎಳೆ ಸುಟ್ಟರೆ ಅದು ಹತ್ತಿ ಹೌದೋ ಅಲ್ಲವೋ ತಿಳಿಯುತ್ತದೆ, ಕೈಯಲ್ಲಿ ನೇಯ್ದದ್ದೋ ಮಷಿನ್ನಿನಲ್ಲಿ ನೇಯ್ದದ್ದೋ ಹೊಗೆ ಹೇಳುವುದಿಲ್ಲ ಎಂಬ ಬುದ್ಧಿ ತೋಳು ಸುಟ್ಟುಕೊಂಡವನಿಗೆ ಎಲ್ಲಿಂದ ಬರಬೇಕು?

ಮರುದಿನ ಗಿರ್ಮಿಟ್ ಅಂಗಡಿಯ ಬೆಂಚಿನ ಮೇಲೆ ಕೂತು ಕೊಟ್ಟೆ. ಅವಳು ಕಾಗದ ಬಿಚ್ಚಿ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಚೀಟಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಹೆಬ್ಬೆರಳನ್ನು ದಡಿಯ ಮೇಲೆ ಇಟ್ಟು, ಕುರುಡರು ಗೋಡೆ ಹಿಡಿದು ನಡೆಯುವ ಹಾಗೆ ಮೆಲ್ಲಗೆ ಸರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಮತ್ತೆ ಸರಿಯಿತು. ಒಂದು ಗೇಣಿನಾಚೆ ಮತ್ತೆ ನಿಂತಿತು. ಮುಖ ಸಣ್ಣಗಾಯಿತು. ಆಮೇಲೆ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಯಾಕ್ರಿ? ಖರೇ ಕೈಮಗ್ಗದ್ದ ಐತ್ರಿ, ಸುಟ್ಟ ನೋಡೇನಿ,” ಎಂದು ಅಂಗಿಯ ಸುಟ್ಟ ತೋಳು ತೋರಿಸಿದೆ.

“ಸಾಹೇಬ್ರ, ಇದು ನಮ್ಮ ಮನಿ ಸೀರಿರಿ.”

ನನಗೆ ತಿಳಿಯಲಿಲ್ಲ.

“ಇಲ್ಲೆ ಬಟ್ಟ ಇಡ್ರಿ,” ಎಂದು ನನ್ನ ಕೈ ಹಿಡಿದು ದಡಿಯ ಮೇಲೆ ಇಟ್ಟಳು. ಅವಳು ನನ್ನ ಕೈ ಹಿಡಿದದ್ದು ಅದೊಂದೇ ಸಲ. ಹಿಡಿದದ್ದು ನನ್ನ ದಡ್ಡತನ ತೋರಿಸಲು. “ಒಂದ ಎಳಿ ತಪ್ಪೇತಿ, ತಿಳೀತಿಲ್ಲೋ? ಗೇಣಿಗೊಮ್ಮಿ ತಪ್ಪತೈತಿ. ನಮ್ಮ ಕಿಟಕ್ಯಾಗಿನ ಮಗ್ಗದ್ದ ಒಂದ ಕೊಕ್ಕಿ ಸವದೈತಿ, ದಡಿ ಎಳಿ ಎತ್ತೂದು ಒಮ್ಮೊಮ್ಮಿ ಬಿಡತೈತಿ. ಈ ಹಸರ ನೂಲಿನ ಕಂಡಿಕಿ ಸುತ್ತಿದಾಕಿ ನಾನರಿ.”

ಅಂದರೆ ನಾನು ಪೇಟೆ ಸುತ್ತಿ, ಅಂಗಿ ಸುಟ್ಟುಕೊಂಡು, ಅವಳದೇ ಮನೆಯ ಮಷಿನ್ ಸೀರೆಯನ್ನು ಕೈಮಗ್ಗದ್ದೆಂದು ಅವಳಿಗೇ ಕೊಟ್ಟಿದ್ದೆ. ನಮ್ಮ ನಾಲ್ಕೂ ಊರುಗಳಲ್ಲಿ ಈ ದಾಖಲೆಯನ್ನು ಮುರಿಯುವವರಿಲ್ಲ.

ನಗು ನಿಂತಿತು. ಅವಳು ಉಗುರಿನಿಂದ ಆ ಚೀಟಿಯನ್ನು ನಿಧಾನವಾಗಿ ಕಿತ್ತಳು. “ನಮ್ಮಪ್ಪ ಮಷಿನ್ದು ಅಂತನ ಹೇಳಿ ಕೊಡ್ತಾನ್ರಿ. ಈ ಚೀಟಿ ಹಚ್ಚಿದವರು ಬ್ಯಾರೆ.” ಚೀಟಿಯನ್ನು ನನ್ನ ಅಂಗಿಯ ಕಿಸೆಯ ಮೇಲೆ ಅಂಟಿಸಿದಳು. ಸೀರೆ ಮಡಚಿ ಎದೆಗೆ ಒತ್ತಿ ಹಿಡಿದುಕೊಂಡಳು. “ಸೀರಿ ನಾ ಇಟಗೋತೀನಿ. ಬೀಳಗ್ಯಾಗ ಮನಿ ನೆನಪಾದ್ರ ದಡಿ ಮ್ಯಾಲ ಕೈ ಆಡಸತೀನಿ.”

ಹೇಳಬೇಕಾದ ಹೊತ್ತು ಅದೇ ಎಂದು ನನಗೂ ತಿಳಿಯಿತು. “ನೀವು ಹೋಗೂದು ನನಗ ಸೇರವಲ್ದುರಿ,” ಅಂದೆ. “ನೀವಿಲ್ಲದ ಈ ಊರಾಗ ನಾ ಹೆಂಗ ಇರಲಿ?”

ಅದು ಸರಿಯಾಗಿಯೇ ಹೊರಬಂದಿತ್ತು. ಹಲ್ಲಿಗೆ ತಾಗಿರಲಿಲ್ಲ. ಅವಳು ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಈಗ ಅನ್ನಿಸುತ್ತದೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

“ಇದು ಯಾವ ಶಬ್ದಕ್ಕ ಉದಾಹರಣಿರಿ?”

ಯಾವುದಕ್ಕೂ ಅಲ್ಲ ಅನ್ನಬೇಕಿತ್ತು. ಅಷ್ಟೇ. ಒಂದು ಉಸಿರಿನ ಮಾತು. ಕಿಸೆಯ ಮೇಲೆ ಹ್ಯಾಂಡ್‌ಲೂಮ್ ಚೀಟಿ ಹೊಳೆಯುತ್ತಿತ್ತು. “ಬೋಗಸ್,” ಅಂದೆ. ಮೇಲೆ ಒಂದು ನಗೆ ಬೇರೆ ನಕ್ಕೆ.

ಅವಳು ನಗಲಿಲ್ಲ. ವಹಿ ತೆಗೆದು ಏನೋ ಬರೆದಳು. ಬಸ್ಸು ಬಂತು. ವಹಿಯನ್ನು ನನ್ನ ಮಡಿಲಿಗೆ ಹಾಕಿ, “ಇನ್ನ ಮ್ಯಾಲ ನೀವ ಒಬ್ಬರ ಬರೀರಿ,” ಎಂದು ಹತ್ತಿಬಿಟ್ಟಳು.

ಆಮೇಲಿನ ತಿಂಗಳುಗಳನ್ನು ನಾನು ದೊಡ್ಡ ಮನುಷ್ಯನಂತೆ ಕಳೆದೆ ಎಂದು ಬರೆಯಲು ಆಸೆ. ಅವಳ ನಂಬರಿಗೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿದೆ, ಮೇಲೊಂದು ಚುಟುಕು. ಮೊದಲು ನಗುವ ಮುಖದ ಒಂದು ಚಿತ್ರ ಬಂತು. ಆಮೇಲೆ ಅದೂ ನಿಂತಿತು. ವಾಚನಾಲಯದಲ್ಲಿ ಎದುರಿನ ಕುರ್ಚಿಗೆ ಬೇರೆ ಯಾರೋ ಬಂದು ಕೂತರು. ಸಭ್ಯ ಮನುಷ್ಯ, ನಾನು ನಿದ್ದೆ ಮಾಡಿದರೆ ಎಬ್ಬಿಸುತ್ತಿರಲಿಲ್ಲ. ಅದಕ್ಕೇ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ವಹಿಯನ್ನು ನಾನು ತೆರೆಯಲೇ ಇಲ್ಲ. ಅವಳು ಕೊನೆಗೆ ಬರೆದ ಸಾಲು ಏನಿರಬಹುದು ಎಂದು ನನಗೆ ಗೊತ್ತಿತ್ತು. ಎಡಕ್ಕೆ ಬೋಗಸ್, ಬಲಕ್ಕೆ ನನ್ನ ಮಾತು. ಅದನ್ನು ಅವಳ ಅಕ್ಷರದಲ್ಲಿ ಓದುವ ಧೈರ್ಯವಿರಲಿಲ್ಲ.

ಬದಲಿಗೆ ಒಂದು ಹೊಸ ಚಟ ಹತ್ತಿತು. ಬಸ್ಸಿನಲ್ಲಿ, ಸಂತೆಯಲ್ಲಿ, ಲಗ್ನದ ಮನೆಯಲ್ಲಿ, ಎಲ್ಲಿ ಕೆಂಪು ದಡಿಯ ಸೀರೆ ಕಂಡರೂ ನನ್ನ ಕಣ್ಣು ದಡಿಯ ಮೇಲೆ ಓಡುತ್ತಿತ್ತು. ಗೇಣಿಗೊಂದು ಎಳೆ ತಪ್ಪಿದೆಯೇ? ತಪ್ಪಿದ್ದರೆ ಅದು ಆ ಮನೆಯದು, ಆ ಕಿಟಕಿಯ ಮಗ್ಗದ್ದು. ಅದರ ಕಂಡಿಕೆ ಅವಳು ಬೀಳಗಿಗೆ ಹೋಗುವ ಮುಂಚೆ ಸುತ್ತಿದ್ದಿರಬಹುದು. ಒಮ್ಮೆ ಖಂಡಿತ ಸಿಕ್ಕಿತು, ತೇರದಾಳದ ಬಸ್ಸಿನಲ್ಲಿ ಒಬ್ಬ ಮುದುಕಿಯ ಮೈಮೇಲೆ. ನಾನು ಇಳಿಯಬೇಕಾದ ಕಡೆ ಇಳಿಯಲಿಲ್ಲ. ಆ ಮುದುಕಿ ಇಳಿಯುವ ತನಕ ಹಿಂದಿನ ಸೀಟಿನಲ್ಲಿ ಕೂತೇ ಇದ್ದೆ.

ಈ ಚಟಕ್ಕೆ ಬೆಲೆ ತೆತ್ತದ್ದು ಮುಧೋಳ ಬಸ್ ಸ್ಟ್ಯಾಂಡಿನಲ್ಲಿ. ಒಬ್ಬ ಗಟ್ಟಿಮುಟ್ಟಾದ ಹೆಂಗಸು ಬುಟ್ಟಿ ಇಳಿಸಿ ನಿಂತಿದ್ದಳು. ದಡಿ ಕೆಂಪು. ಒಂದು ಎಳೆ ತಪ್ಪಿದಂತೆ ಕಂಡಿತು. ಖಾತ್ರಿ ಮಾಡಿಕೊಳ್ಳಲು ಬಗ್ಗಿದೆ. ಇನ್ನೂ ಬಗ್ಗಿದೆ. ಅವಳ ಕಾಲಿನ ಹತ್ತಿರ ನನ್ನ ಮೂಗು ಹೋಗಿತ್ತು ಎಂದು ಆಮೇಲೆ ನೋಡಿದವರು ಹೇಳಿದರು.

“ಏ ಭಾಡ್ಯಾ, ಏನ್ ನೋಡಾಕತ್ತೀಯೋ?”

“ಎಳಿ ನೋಡಾಕತ್ತಿದ್ದೆರಿ ಅವ್ವಾರ,” ಅಂದೆ. “ಒಂದ ತಪ್ಪೇತಿ ಅನಸ್ತು.”

“ನಿನ್ನ ತಲ್ಯಾಗಿಂದು ತಪ್ಪೇತಿ, ನಿಂದರು ಕೂಡಸತೀನಿ,” ಎಂದು ಅವಳು ಚಪ್ಪಲಿಗೆ ಕೈ ಹಾಕಿದಳು. ನಾನು ಸಿಕ್ಕ ಬಸ್ಸು ಹತ್ತಿದೆ. ಅದು ಜಮಖಂಡಿಗೆ ಹೋಗುವುದಾಗಿತ್ತು ಎಂಬುದು ನನ್ನ ಪುಣ್ಯ. ಎಲ್ಲ ನೋಡಿದ್ದ ಕಂಡಕ್ಟರು ನಗುತ್ತ, “ಕುಂದರ್ರಿ, ಇಲ್ಲೆಲ್ಲಾ ಪ್ಯಾಂಟಿನವರ ಅದಾರ,” ಅಂದ.

ಆ ಬಸ್ಸಿನಲ್ಲಿ ಕೂತು ಮೊದಲು ನಗು ಬಂತು. ಇದನ್ನು ಅವಳಿಗೆ ಹೇಳಬೇಕು, ಹೇಳಿದರೆ ಎಷ್ಟು ನಗುತ್ತಾಳೆ ಎಂದು ಅನ್ನಿಸಿತು. ಮರುಗಳಿಗೆ ಹೇಳಲು ಎದುರಿಗೆ ಯಾರೂ ಇಲ್ಲ ಎಂಬುದು ನೆನಪಾಯಿತು. ಅಷ್ಟು ದಿನ ಮುಚ್ಚಿಟ್ಟದ್ದೆಲ್ಲ ಅಲ್ಲೇ ಬಂದು ಎದೆಯ ಮೇಲೆ ಕೂತಿತು. ಮನೆಗೆ ಹೋದವನೇ ಚಪ್ಪಲಿ ಕೂಡ ಬಿಡದೆ ವಹಿ ತೆಗೆದೆ.

ಕೊನೆಯ ಹಾಳೆಯಲ್ಲಿ ಎಡಕ್ಕೆ ಅವಳ ದುಂಡನೆಯ ಅಕ್ಷರದಲ್ಲಿ ‘ಬೋಗಸ್’ ಎಂದಿತ್ತು. ನಡುವೆ ಗೆರೆ ಇತ್ತು. ಬಲಕ್ಕೆ ಏನೂ ಇರಲಿಲ್ಲ.

ಉದಾಹರಣೆ ಬರೆಯದೆ ಅವಳು ಒಂದು ದಿನವೂ ವಹಿ ಮುಚ್ಚಿದವಳಲ್ಲ. ಒಮ್ಮೆ ‘ಸ್ಪ್ಯೂರಿಯಸ್’ಗೆ ಉದಾಹರಣೆ ಹೊಳೆಯದೆ ಊರಿನ ಬಸ್ಸನ್ನೇ ಬಿಟ್ಟು ಕೂತಿದ್ದಳು. ನನ್ನ ಮಾತನ್ನು ಆ ಶಬ್ದದ ಎದುರಿಗೆ ಬರೆಯಲು ಅವಳ ಕೈ ಒಪ್ಪಿರಲಿಲ್ಲ. ಅದನ್ನು ತಿಳಿಯಲು ನಾನು ನಾಲ್ಕು ತಿಂಗಳು ತೆಗೆದುಕೊಂಡಿದ್ದೆ.

ಮರುದಿನ ಬನಹಟ್ಟಿಗೆ ಹೋದೆ. ನೇರ ಬೀಳಗಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, ಧೈರ್ಯ ಅಲ್ಲಿಯವರೆಗೆ ಸಾಲಲಿಲ್ಲ. ಬೇವಿನ ಗಿಡದ ಎದುರಿನ ಮನೆ ಎಂದು ಅವಳು ಹೇಳುತ್ತಿದ್ದಳು. ಓಣಿಯ ತುಂಬ ಮಗ್ಗದ ಸಪ್ಪಳ. ಬಾಗಿಲಲ್ಲಿ ನಿಂತು ಕೂಗಿದೆ. ಬನಿಯನ್ ಹಾಕಿದ ಒಬ್ಬರು ಹೊರಗೆ ಬಂದರು. ಅವರ ಮೀಸೆಯಲ್ಲಿ ಹತ್ತಿಯ ಚೂರು. ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

“ಯಾರ ಬೇಕಾಗಿತ್ತ್ರಿ?”

“ಸೀರಿ ನೋಡಬೇಕಾಗಿತ್ರಿ,” ಅಂದೆ. ನಾನು ಸುಳ್ಳಿನ ಪಂಡಿತ.

“ಬರ್ರಿ. ಮೊದಲ ಹೇಳತೀನಿ, ಇವು ಮಷಿನ್ವು. ಕೈಮಗ್ಗದ್ದು ಬೇಕಂದ್ರ ಬ್ಯಾರೆ ಮನಿ ತೋರಸತೀನಿ.”

ಕಿಟಕಿಯ ಹತ್ತಿರದ ಮಗ್ಗ ಹಸಿರು ಸೀರೆ ನೇಯುತ್ತಿತ್ತು. ನಾನು ಅದರ ಮುಂದೆ ಹೋಗಿ ನಿಂತೆ. ಕಣ್ಣು ದಡಿಯ ಮೇಲೆ. ಅವರು ನನ್ನನ್ನು ಗಮನಿಸಿ ಮಗ್ಗದ ಸಪ್ಪಳದ ಮೇಲೆ ದನಿ ಏರಿಸಿದರು. “ದಡ್ಯಾಗ ಎಳಿ ಒಂದ ತಪ್ಪತೈತಿ ನೋಡ್ರಿ. ಮುಚ್ಚಿ ಇಡೂದೇನೈತಿ? ಕೊಕ್ಕಿ ಬದಲಿ ಮಾಡಸೂನು ಅಂದ್ರ ಮಗಳು ಬಿಡವಲ್ಲಳು.”

“ಯಾಕಂತ್ರಿ?”

“ಯಾರಿಗ್ಗೊತ್ತು? ಬೀಳಗ್ಯಾಗ ನೌಕರಿ ಅದಾಳ. ದಿನಾ ಮಧ್ಯಾಹ್ನ ಫೋನ್ ಮಾಡಿ ಊಟ ಆತೇನು ಅನ್ನೂಕಿಂತ ಮೊದಲ, ಅಪ್ಪಾ, ಎಳಿ ಇನ್ನ ತಪ್ಪಾಕತ್ತೈತಿಲ್ಲೋ ಅಂತ ಕೇಳತಾಳ. ತಪ್ಪಾಕತ್ತೈತಿ ತಾಯಿ ಅಂದ್ರ ಸಮಾಧಾನ ಆಕ್ಕಾಳ.” ಅವರು ನನ್ನ ಮುಖ ನೋಡಿದರು. “ನೀವು ಜಮಖಂಡಿಯವರೇನ್ರಿ? ಆಕಿ ಕೂಡ ಅಲ್ಲೆ ಓದತಿದ್ದ ಒಬ್ಬ ಹುಡುಗ ಅದಾನಂತ. ಬಾಯಿ ತಗದ್ರ ಬರೇ ಚ್ಯಾಷ್ಟಿ ಅಂತ. ಅಂವ ನೀವ ಏನ್ರಿ?”

“ಅಲ್ರಿ, ಅಂವ ಬ್ಯಾರೆ,” ಅಂದೆ. ದೇವರೇ ನನ್ನನ್ನು ಬಂದು ಕೇಳಿದರೂ ನಾನು ಅದನ್ನೇ ಅನ್ನುತ್ತಿದ್ದೆ.

ಆ ಹೊತ್ತಿಗೇ ಅವರ ಫೋನು ಬಡಿಯಿತು. “ಹಾಂ, ತಪ್ಪಾಕತ್ತೈತಿ ತಾಯಿ... ಊಟ ಇನ್ನ... ಜಮಖಂಡಿಯಿಂದ ಒಬ್ಬರು ಗಿರಾಕಿ ಬಂದಾರ... ಏನಿಲ್ಲ, ಬರೇ ದಡಿ ನೋಡಾಕತ್ತಾರ... ತೋಳ ಸುಟ್ಟದ್ದ ಅಂಗಿ ಹಾಕ್ಯಾರ...” ಅವರು ಫೋನು ಕಿವಿಯಿಂದ ತೆಗೆದು ನನ್ನ ಕಡೆ ಚಾಚಿದರು. “ನಿಮ್ಮ ಕೈಯಾಗ ಕೊಡು ಅನ್ನಾಕತ್ತಾಳ.”

ಎರಡು ಮಗ್ಗಗಳು ಕಿವಿಯ ಎರಡೂ ಕಡೆ ಬಡಿಯುತ್ತಿದ್ದವು. ಆ ಸದ್ದಿನ ಆಚೆಗೆ ಅವಳ ದನಿ. ನಾಲ್ಕು ತಿಂಗಳ ಮೇಲೆ.

“ಸಾಹೇಬ್ರ, ಇವತ್ತ ಯಾವ ಶಬ್ದ ತಂದೀರಿ?”

ನನ್ನ ಹಲ್ಲಿನ ಹಿಂದೆ ಹತ್ತು ಚ್ಯಾಷ್ಟಿಗಳು ಸಾಲು ಹಚ್ಚಿ ನಿಂತಿದ್ದವು. ಮುಧೋಳದ ಚಪ್ಪಲಿಯ ಕಥೆ ಎಲ್ಲರಿಗಿಂತ ಮುಂದಿತ್ತು.

“ಯಾವ ಶಬ್ದಾನೂ ತಂದಿಲ್ರಿ,” ಅಂದೆ. “ನಿಮ್ಮ ನೆನಪು ಭಾಳ ಆಗಾಕತ್ತೈತಿ.”

ಆ ಕಡೆಯಿಂದ ಪ್ರಶ್ನೆ ಬಂತು: “ಏನಂದ್ರಿ? ಮಗ್ಗದ ಸಪ್ಪಳಾ ಭಾಳ ಐತ್ರಿ, ಕೇಳಿಸಲಿಲ್ಲ.”

ನಾನು ಬಾಯಿ ತೆರೆಯುವ ಮುಂಚೆ ಅವಳ ಅಪ್ಪ ನನ್ನ ಒದ್ದಾಟ ನೋಡಿ ಕೈ ಎತ್ತಿ “ತಡೀರಿ” ಅಂದರು. ಹೋಗಿ ಒಂದು ಮಗ್ಗದ ಸ್ವಿಚ್ ಒತ್ತಿದರು. ಇನ್ನೊಂದರದೂ ಒತ್ತಿದರು. ಗಿರಾಕಿಗೆ ಅನುಕೂಲವಾಗಲೆಂದು. ಇಡೀ ಮನೆ ಒಮ್ಮೆಲೇ ತಣ್ಣಗಾಯಿತು. ಬೇವಿನ ಗಿಡದ ಗುಬ್ಬಿ ಕೂಡ ಕೇಳಿಸಿತು. ಅವರು ಕೈಕಟ್ಟಿ ನನ್ನ ಎದುರಿಗೇ ನಿಂತು, “ಹಾಂ, ಈಗ ಮಾತಾಡ್ರಿ,” ಅಂದರು.

ಹೇಳಿದೆ. ಅಪ್ಪನ ಮೀಸೆಯ ಹತ್ತಿ ನೋಡುತ್ತ, ಒಂದೊಂದೇ ಶಬ್ದ, ಎಲ್ಲೂ ತಪ್ಪದ ಹಾಗೆ. “ನಿಮ್ಮ ನೆನಪು ಭಾಳ ಆಗಾಕತ್ತೈತಿರಿ.”

ಬೀಳಗಿಯ ಕಚೇರಿಯಲ್ಲಿ ಯಾರೋ ಠಪ್ ಠಪ್ ಎಂದು ಕಾಗದಕ್ಕೆ ಮೊಹರಿನ ಶಿಕ್ಕಾ ಒತ್ತುತ್ತಿದ್ದರು. ಅದು ನಿಂತಿತು. ಒತ್ತುತ್ತಿದ್ದವಳು ಅವಳೇ ಇರಬೇಕು.

“ಕೇಳಿಸ್ತ್ರಿ,” ಅಂದಳು. ದನಿ ಸ್ವಲ್ಪ ಒದ್ದೆಯಾಗಿತ್ತು. “ಮೊದಲನೇ ಸಲಾನೂ ಕೇಳಿಸಿತ್ತು.”

ಅವಳ ಅಪ್ಪ ನನ್ನನ್ನು ನೋಡಿದರು, ಫೋನನ್ನು ನೋಡಿದರು, ನನ್ನ ಸುಟ್ಟ ತೋಳನ್ನು ನೋಡಿದರು. ತಿರುಗಿ ಹೋಗಿ ಕಿಟಕಿಯ ಮಗ್ಗ ಚಾಲೂ ಮಾಡಿದರು. ನಾನು ಫೋನು ಕಿವಿಗೆ ಹಿಡಿದೇ ದಡಿ ನೋಡುತ್ತ ನಿಂತೆ. ಎಳೆಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಒಂದು ಗೇಣು ಆಯಿತು. ಎಳೆ ತಪ್ಪಿತು.

“ತಪ್ಪಿತ್ರಿ ಮೇಡಮ್ಮರ,” ಎಂದು ಫೋನಿನಲ್ಲಿ ಕೂಗಿದೆ.